ರೂಪ ಬದಲಿಸುವ ಗಳಿಗೆಯ ಬೆಲೆ

ದೇವೀ ಮಾಹಾತ್ಮ್ಯೆಯ ಮಹಿಷಾಸುರ ಒಂದೇ ಯುದ್ಧದಲ್ಲಿ ನಾಲ್ಕು ಸಲ ಮೈ ಬದಲಿಸುತ್ತಾನೆ. ಪಾಶ ಬಿದ್ದೊಡನೆ ಕೋಣ ಹೋಗಿ ಸಿಂಹ ಬರುತ್ತದೆ. ಸಿಂಹದ ತಲೆ ಕಡಿಯುವಷ್ಟರಲ್ಲಿ ಕತ್ತಿ ಹಿಡಿದ ಮನುಷ್ಯ ನಿಂತಿರುತ್ತಾನೆ, ಅವನ ಮೇಲೆ ಬಾಣ ಸುರಿದಾಗ ಆನೆ, ಆನೆಯ ಸೊಂಡಿಲು ತುಂಡಾದಾಗ ಮತ್ತೆ ಕೋಣ. ಕೊನೆಗೆ ದೇವಿ ಅವನ ಮೇಲೆ ಹಾರಿ, ಕತ್ತಿನ ಮೇಲೆ ಕಾಲಿಟ್ಟು ಶೂಲದಿಂದ ತಿವಿಯುತ್ತಾಳೆ. ಆಗ ಅವನು ಕೋಣನ ಬಾಯಿಂದ ಅರ್ಧ ಹೊರಗೆ ಬಂದಿರುತ್ತಾನೆ. ಪೂರ್ತಿ ಮನುಷ್ಯನಾಗಿಲ್ಲ, ಪೂರ್ತಿ ಕೋಣನಾಗಿಯೂ ಉಳಿದಿಲ್ಲ. ಆ ಅರ್ಧ ಗಳಿಗೆಯಲ್ಲೇ ತಲೆ ಉರುಳುತ್ತದೆ. ಚಾಮುಂಡಿ ಬೆಟ್ಟದ ಮೇಲಿನ ಬಣ್ಣದ ಪ್ರತಿಮೆಯಲ್ಲಿ ಮಹಿಷ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು ನೆಟ್ಟಗೆ ನಿಂತಿದ್ದಾನೆ. ಹೊಯ್ಸಳರ ಶಿಲ್ಪಿಗಳು ಕೆತ್ತಲು ಆರಿಸಿಕೊಂಡದ್ದು ಆ ಅರ್ಧ ಹೊರಬಂದ ದೇಹವನ್ನು. ಯುದ್ಧದ ತಿರುಳು ಎಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು.

ಈ ಮಾತನ್ನು ಪೋಕೆಮಾನ್ ಕುರಿತ ಲೇಖನದ ಮೊದಲಿಗೇ ಇಡಲು ಕಾರಣವಿದೆ. ಜೀವಿಗಳನ್ನು ಹಿಡಿದು, ಸಾಕಿ, ಒಂದರ ಎದುರು ಒಂದನ್ನು ನಿಲ್ಲಿಸಿ ಆಡುವ ವಿಡಿಯೊ ಗೇಮುಗಳ ಪರಂಪರೆ 1996ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ಬಂದ ಪೋಕೆಮಾನ್ ರೆಡ್ ಮತ್ತು ಗ್ರೀನ್ ಆಟಗಳಿಂದ ದೊಡ್ಡದಾಯಿತು. ಅದರಲ್ಲಿ ವಿಕಾಸವೆಂದರೆ ಒಮ್ಮೆ ಆದರೆ ಆಯಿತು. ಕಂಬಳಿಹುಳು ಚಿಟ್ಟೆಯಾದ ಮೇಲೆ ಮತ್ತೆ ಹುಳುವಾಗುವುದಿಲ್ಲ. ಆದರೆ 2013ರಿಂದೀಚೆಗೆ ಈ ಆಟಗಳು ಬೇರೊಂದು ಬಗೆಯ ಬದಲಾವಣೆಯ ಬೆನ್ನು ಹತ್ತಿವೆ. ಯುದ್ಧದ ನಡುವೆ ರೂಪ ಬದಲಾಗುತ್ತದೆ, ಯುದ್ಧ ಮುಗಿದ ಮೇಲೆ ಹಳೆಯ ರೂಪ ಮರಳುತ್ತದೆ. ಮೆಗಾ ಎವಲ್ಯೂಷನ್, ಜೀ-ಮೂವ್, ಡೈನಾಮ್ಯಾಕ್ಸ್, ಟೆರಾಸ್ಟಲ್ ಎಂದು ನಾಲ್ಕು ವ್ಯವಸ್ಥೆಗಳು ಒಂದರ ಹಿಂದೆ ಒಂದು ಬಂದವು. ಇವುಗಳಲ್ಲಿ ಯಾವುದು ಚಂದ, ಯಾವುದು ಬಲಶಾಲಿ ಎಂಬ ಚರ್ಚೆ ಸಾಕಷ್ಟು ನಡೆದಿದೆ. ನನ್ನ ಪ್ರಶ್ನೆ ಬೇರೆ. ರೂಪ ಬದಲಿಸುವವನು ಆ ಗಳಿಗೆಗೆ ಏನು ಬೆಲೆ ತೆರುತ್ತಾನೆ? ಬೆಲೆಯಿಲ್ಲದ ರೂಪಾಂತರ ಬರೀ ಬಲಪ್ರದರ್ಶನ ಎಂಬುದು ನನ್ನ ನಂಬಿಕೆ. ಈ ಪರಂಪರೆಯನ್ನು ಅಳೆಯಲು ನಾನು ಇಟ್ಟುಕೊಂಡಿರುವ ಅಳತೆಗೋಲು ಅದೊಂದೇ.

ಬಿಳಿಕೆರೆಯಲ್ಲಿ ಕೂತು ಈ ಆಟಗಳ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರ ಅನ್ನಿಸೀತು. ಮೈಸೂರು-ಹುಣಸೂರು ಹೆದ್ದಾರಿಯಿಂದ ಕೆ.ಆರ್. ನಗರ, ಹಾಸನದ ಕಡೆಗೆ ರಸ್ತೆ ಒಡೆಯುವ ಊರು ಇದು. ಸುತ್ತ ಹೊಗೆಸೊಪ್ಪು, ರಾಗಿ, ಮುಸುಕಿನ ಜೋಳ. ನಿಂಟೆಂಡೊ ಸ್ವಿಚ್ 2017ರಲ್ಲಿ ಜಗತ್ತಿನ ಮಾರುಕಟ್ಟೆಗೆ ಬಂದರೂ ಭಾರತದಲ್ಲಿ ಕಂಪನಿಯೇ ಅಧಿಕೃತವಾಗಿ ಮಾರಲಿಲ್ಲ. ಹಾಗಿದ್ದೂ ಇಲ್ಲಿನ ಹುಡುಗರಿಗೆ ಪಿಕಾಚು ಗೊತ್ತು, ಚಾರಿಜಾರ್ಡ್ ಗೊತ್ತು. ಮೊದಲು ಕಾರ್ಟೂನ್ ನೆಟ್‌ವರ್ಕ್‌ನ ಹಿಂದಿ ಧಾರಾವಾಹಿಯಿಂದ, ಆಮೇಲೆ 2016ರ ಡಿಸೆಂಬರಿನಲ್ಲಿ ಜಿಯೊ ಜೊತೆಗೂಡಿ ಬಂದ ಪೋಕೆಮಾನ್ ಗೋದಿಂದ, ಅದಾದ ಮೇಲೆ ಹಳೆಯ ಆಟಗಳನ್ನು ಫೋನಿನಲ್ಲೇ ಓಡಿಸುವ ಎಮ್ಯುಲೇಟರುಗಳಿಂದ. ಕನ್ನಡದಲ್ಲಿ ಈ ಆಟ ಇಲ್ಲ. ಇಂಗ್ಲಿಷಿನ ಮೆನುಗಳನ್ನು ಚಿತ್ರ ನೋಡಿ ಅರ್ಥ ಮಾಡಿಕೊಂಡು ಆಡುವವರೇ ಹೆಚ್ಚು. ಹಾಗೆ ಆಡುವವರು ನಿಯಮಗಳನ್ನು ಪುಸ್ತಕದಿಂದ ಕಲಿಯುವುದಿಲ್ಲ, ಸೋತು ಕಲಿಯುತ್ತಾರೆ. ಹಾಗಾಗಿ ಯಾವ ನಿಯಮಕ್ಕೆ ಅರ್ಥವಿದೆ, ಯಾವುದಕ್ಕಿಲ್ಲ ಎಂದು ಅವರಿಗೆ ಬೇಗ ತಿಳಿಯುತ್ತದೆ.

ಮೆಗಾ ಎವಲ್ಯೂಷನ್‌ನಿಂದ ಶುರು ಮಾಡೋಣ. 2013ರ ಅಕ್ಟೋಬರ್ 12ರಂದು ಜಗತ್ತಿನೆಲ್ಲೆಡೆ ಒಟ್ಟಿಗೆ ಬಿಡುಗಡೆಯಾದ ಎಕ್ಸ್ ಮತ್ತು ವೈ ಆಟಗಳಲ್ಲಿ ಇದು ಬಂತು. ಆಯ್ದ ಕೆಲವು ಪೋಕೆಮಾನ್‌ಗಳಿಗೆ ಒಂದೊಂದು ಕಲ್ಲು. ಆ ಕಲ್ಲನ್ನು ಹಿಡಿದಿದ್ದರೆ ಯುದ್ಧದಲ್ಲಿ ಒಂದು ಸಲ, ತಂಡದಲ್ಲಿ ಒಬ್ಬರು ಮಾತ್ರ, ರೂಪ ಬದಲಿಸಬಹುದು. ದಾಳಿ, ರಕ್ಷಣೆ, ವೇಗದಂಥ ಮೂಲ ಅಂಕಗಳ ಮೊತ್ತಕ್ಕೆ ಸಾಮಾನ್ಯವಾಗಿ 100 ಸೇರುತ್ತದೆ. ಬೆಲೆ ಎಲ್ಲಿದೆ ಎಂದರೆ ಆ ಕಲ್ಲಿನಲ್ಲಿಯೇ. ಪೋಕೆಮಾನ್ ಒಂದು ವಸ್ತುವನ್ನಷ್ಟೇ ಹಿಡಿಯಬಲ್ಲದು. ಕಲ್ಲು ಹಿಡಿದರೆ ಪ್ರಾಣ ಉಳಿಸುವ ಪಟ್ಟಿಯೂ ಇಲ್ಲ, ಗಾಯ ಮಾಗಿಸುವ ಹಣ್ಣೂ ಇಲ್ಲ.

ಚಾರಿಜಾರ್ಡ್ ಒಂದನ್ನೇ ಹತ್ತಿರದಿಂದ ನೋಡಿ. ಅದಕ್ಕೆ ಎರಡು ಕಲ್ಲುಗಳಿವೆ. ಒಂದರಲ್ಲಿ ಅದು ಬೆಂಕಿ ಮತ್ತು ಡ್ರ್ಯಾಗನ್ ಟೈಪಿನ ಕಪ್ಪು ಮೈಯಾಗಿ ಕೈಕೈ ಮಿಲಾಯಿಸುತ್ತದೆ; ಇನ್ನೊಂದರಲ್ಲಿ ಅಖಾಡಕ್ಕೆ ಬಿಸಿಲನ್ನೇ ಕರೆತರುತ್ತದೆ. ಎದುರಿನವನು ಬೆಂಕಿ ಕಂಡು ನೀರಿನ ಪೋಕೆಮಾನ್ ಇಳಿಸುತ್ತಾನೆ ಎಂದುಕೊಳ್ಳಿ. ಮೊದಲನೆಯದಾಗಿದ್ದರೆ ನೀರಿನ ಪೆಟ್ಟು ಬೆಂಕಿಗೆ ದುಪ್ಪಟ್ಟು ತಾಗಿ ಡ್ರ್ಯಾಗನ್‌ಗೆ ಅರ್ಧವಾಗಿ, ಒಟ್ಟಿನಲ್ಲಿ ಸಾಧಾರಣ ಪೆಟ್ಟಾಗಿ ಮುಗಿಯುತ್ತದೆ. ಎರಡನೆಯದಾಗಿದ್ದರೆ ಬಿಸಿಲಿಗೆ ನೀರಿನ ಬಲವೇ ಅರ್ಧ. ಕಲ್ಲು ಯಾವುದೆಂದು ಮೊದಲೇ ಕಾಣುವುದಿಲ್ಲ. ಎದುರಾಳಿಗೆ ಓದಲು ಕೊಟ್ಟು, ಓದಿದ್ದನ್ನು ಸುಳ್ಳು ಮಾಡುವ ಇಂಥ ಜಾಗಗಳಲ್ಲಿ ಮೆಗಾ ನಿಜವಾಗಿ ಹೊಳೆಯಿತು.

ಆದರೆ ನನ್ನ ಮಟ್ಟಿಗೆ ಮೆಗಾದ ಅತ್ಯುತ್ತಮ ನಿಯಮ ಬಹಳ ಜನ ದೋಷವೆಂದು ದೂರಿದ ಒಂದು ಸಣ್ಣ ಸಂಗತಿ. ಎಕ್ಸ್, ವೈ ಮತ್ತು 2014ರ ಒಮೆಗಾ ರೂಬಿ, ಆಲ್ಫಾ ಸಫೈರ್ ಆಟಗಳಲ್ಲಿ ರೂಪ ಬದಲಿಸಿದ ಆ ಒಂದು ಸರದಿಯಲ್ಲಿ ಪೋಕೆಮಾನ್ ಹಳೆಯ ವೇಗದಲ್ಲೇ ಓಡುತ್ತಿತ್ತು. ಹೊಸ ಮೈ ಬಂದಿದೆ, ಹೊಸ ವೇಗ ಇನ್ನೂ ಬಂದಿಲ್ಲ. ಕಣಜದ ರೂಪದ ಬೀಡ್ರಿಲ್ ಇದಕ್ಕೆ ಸರಿಯಾದ ಉದಾಹರಣೆ. ಅದರ ಮೂಲ ವೇಗ 75, ಮೆಗಾ ಆದ ಮೇಲೆ 145. ದಾಳಿ 150, ರಕ್ಷಣೆ ಮಾತ್ರ 40. ಎದುರಿಗೆ 102 ವೇಗದ ಗಾರ್ಚಾಂಪ್ ನಿಂತಿದ್ದರೆ, ಮೆಗಾ ಆದ ಮರುಸರದಿಯಲ್ಲಿ ಬೀಡ್ರಿಲ್ ಅದಕ್ಕಿಂತ ಮೊದಲು ಹೊಡೆಯುತ್ತದೆ. ಆಗುವ ಸರದಿಯಲ್ಲಿ ಮಾತ್ರ ಗಾರ್ಚಾಂಪ್ ಮುಂದೆ.

ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ನಮ್ಮ ಕಡೆ ಬ್ಯಾರನ್ ಬೆಂಕಿ ಕಾಯಲು ರಾತ್ರಿಯೆಲ್ಲ ಯಾರಾದರೂ ಒಬ್ಬರು ಎದ್ದಿರಬೇಕು. ಅಕ್ಕನ ಮಗ ಹಾಗೆ ಕಾಯುತ್ತಾ ಕೂತಿದ್ದ ಒಂದು ರಾತ್ರಿ ಅವನ ಫೋನಿನಲ್ಲಿ ಈ ಬೀಡ್ರಿಲ್ ಯುದ್ಧ ನಡೆಯುತ್ತಿತ್ತು. ಮೆಗಾ ಒತ್ತಿದ, ಜೊತೆಗೆ ಹೊಡೆತ ಆರಿಸದೆ ಪೆಟ್ಟು ತಡೆಯುವ ಪ್ರೊಟೆಕ್ಟ್ ಆರಿಸಿದ. ಬಲ ಬಂದ ಗಳಿಗೆಯಲ್ಲೇ ಯಾಕೆ ಮುದುಡಿ ಕೂರಬೇಕು ಎಂದು ಕೇಳಿದೆ. “ಮಾವ, ಆಗೋ ಟರ್ನಲ್ಲಿ ಇದು ಇನ್ನೂ ಹಳೇದೇ. ಅಡ್ಡ ಹಿಡ್ಕೊಂಡ್ರೆ ಉಳ್ಕೊಳ್ತದೆ, ಇಲ್ಲಾಂದ್ರೆ ಹೋಯ್ತು” ಅಂದ. ಗಾರ್ಚಾಂಪ್ ಹೊಡೆಯಿತು, ಪೆಟ್ಟು ತಾಗಲಿಲ್ಲ. ಮುಂದಿನ ಸರದಿಯಲ್ಲಿ ಬೀಡ್ರಿಲ್ ಮೊದಲು ಹೊರಟಿತು. ಅವನು ಎದ್ದು ಒಲೆಗೆ ಎರಡು ಸೌದೆ ಒಟ್ಟಿ ಬಂದು ಮತ್ತೆ ಕೂತ.

ಅರ್ಧ ಹೊರಬಂದ ಮಹಿಷನ ಗಳಿಗೆ ಆಟದ ನಿಯಮವಾಗಿ ನನಗೆ ಸಿಕ್ಕಿದ್ದು ಇಲ್ಲಿ. ಆ ಒಂದು ಸರದಿಯಲ್ಲಿ ಆಟಗಾರ ತನ್ನ ಅತಿ ದೊಡ್ಡ ಬಲವನ್ನು ತೋರಿಸಿದ್ದಾನೆ, ಅದನ್ನು ಬಳಸಲು ಮಾತ್ರ ಇನ್ನೂ ಆಗುತ್ತಿಲ್ಲ. ಎದುರಾಳಿಗೆ ಒಂದೇ ಒಂದು ಅವಕಾಶ ಇದೆ. ಇಬ್ಬರಿಗೂ ಅದು ಗೊತ್ತು. 2016ರ ನವೆಂಬರಿನಲ್ಲಿ ಬಂದ ಸನ್ ಮತ್ತು ಮೂನ್ ಆಟಗಳಲ್ಲಿ ಇದನ್ನು ತಿದ್ದಿಬಿಟ್ಟರು. ಮೆಗಾ ಆದ ಸರದಿಯಿಂದಲೇ ಹೊಸ ವೇಗ. ಆಡಲು ಸಲೀಸಾಯಿತು, ಬೀಡ್ರಿಲ್‌ನಂಥವಕ್ಕೆ ಉಪಕಾರವೂ ಆಯಿತು, ನಿಜ. ಆದರೂ ಇದು ತಪ್ಪು ತಿದ್ದುಪಡಿ ಎಂದೇ ಹೇಳುತ್ತೇನೆ. ದುರ್ಬಲ ಗಳಿಗೆ ಹೋದ ಮೇಲೆ ಉಳಿದದ್ದು ಗುಂಡಿ ಒತ್ತಿದರೆ ಬರುವ 100 ಅಂಕ.

ಮೆಗಾಕ್ಕೆ ಇನ್ನೊಂದು ದೊಡ್ಡ ಕೊರತೆಯಿತ್ತು, ಅದನ್ನು ಮುಚ್ಚಿಡಬಾರದು. ಯಾರಿಗೆ ಕಲ್ಲು ಕೊಡಬೇಕೆಂದು ಆರಿಸಿದವರು ನ್ಯಾಯ ಮಾಡಲಿಲ್ಲ. ಬೀಡ್ರಿಲ್, ಮಾವೈಲ್‌ನಂಥ ಮೂಲೆಗುಂಪಾದವಕ್ಕೆ ಮರುಜೀವ ಬಂದದ್ದು ನಿಜ. ಆದರೆ ಮೊದಲೇ ಬಲಾಢ್ಯವಾಗಿದ್ದ ಸಾಲಮೆನ್ಸ್‌ಗೂ ಕೊಟ್ಟರು, ಮ್ಯೂಟೂಗೆ ಎರಡೆರಡು ಕೊಟ್ಟರು. ರೇಕ್ವಾಜಾಗಂತೂ ಕಲ್ಲೇ ಬೇಡ, ಒಂದು ಹೊಡೆತ ಕಲಿತಿದ್ದರೆ ಸಾಕು ಎಂದರು. ಅಂದರೆ ಬೆಲೆಯನ್ನೇ ಮನ್ನಾ ಮಾಡಿದರು. ಸ್ಮೋಗನ್ ಎಂಬ ಆಟಗಾರರ ಬಳಗ ಅತಿಬಲಿಷ್ಠರಿಗೆಂದೇ ಇಟ್ಟಿದ್ದ ವರ್ಗವೂ ಅದಕ್ಕೆ ಸಾಲದೆ, ಅದರ ಮೇಲೆ ಇನ್ನೊಂದು ಹೊಸ ವರ್ಗ ಮಾಡಬೇಕಾಯಿತು. ಬೆಲೆ ತೆಗೆದ ರೂಪಾಂತರ ಆಟದಿಂದಲೇ ಹೊರಗೆ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಇದೇ ಕಾಲದಲ್ಲಿ ಇದಕ್ಕೆ ವಿರುದ್ಧವಾದ ಸಾಕ್ಷಿಯೂ ಇದೆ. 2014ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ದಕ್ಷಿಣ ಕೊರಿಯದ ಸೆಜುನ್ ಪಾರ್ಕ್ ಗೆದ್ದದ್ದು ಪಾಚಿರಿಸು ಎಂಬ ಪುಟ್ಟ ಅಳಿಲನ್ನು ಕಟ್ಟಿಕೊಂಡು. ಅದಕ್ಕೆ ಯಾವ ಕಲ್ಲೂ ಇರಲಿಲ್ಲ. ಎದುರಾಳಿಯ ಪೆಟ್ಟುಗಳನ್ನು ತನ್ನ ಕಡೆಗೆ ಸೆಳೆದುಕೊಂಡು ಪಕ್ಕದಲ್ಲಿದ್ದ ಗ್ಯಾರಡೋಸ್‌ಗೆ ಮೆಗಾ ಆಗಿ ಬೆಳೆಯಲು ಅದು ಸಮಯ ಕೊಟ್ಟಿತು. ರೂಪ ಬದಲಿಸುವವನಿಗೆ ಕಾವಲು ಬೇಕು ಎಂದು ಅಳಿಲು ತೋರಿಸಿಕೊಟ್ಟಿತು.

ಸನ್ ಮತ್ತು ಮೂನ್ ತಂದ ಜೀ-ಮೂವ್ ರೂಪಾಂತರವಲ್ಲ, ಒಂದೇ ಸಲದ ಮಹಾಸ್ತ್ರ. ಅದಕ್ಕೆ ಬೇಕಾದ ಹರಳನ್ನು ತಂಡದಲ್ಲಿ ಯಾರು ಬೇಕಾದರೂ ಹಿಡಿಯಬಹುದು. ಯುದ್ಧಕ್ಕೊಂದು ಹೊಡೆತ, ಪ್ರೊಟೆಕ್ಟ್ ಅಡ್ಡ ಹಿಡಿದರೂ ಕಾಲುಭಾಗ ಪೆಟ್ಟು ತಾಗುತ್ತದೆ. ಉದ್ದುದ್ದ ಕುಣಿತದ ದೃಶ್ಯ ನೋಡಿ ಬೇಸತ್ತ ಆಟಗಾರರು ಇದನ್ನು ಹಗುರವಾಗಿ ಕಂಡರು. ನನಗೆ ಹಾಗನ್ನಿಸುವುದಿಲ್ಲ. ಕರ್ಣನ ಬಳಿ ಇಂದ್ರ ಕೊಟ್ಟ ಶಕ್ತ್ಯಾಯುಧವಿತ್ತು, ಒಮ್ಮೆ ಮಾತ್ರ ಪ್ರಯೋಗಿಸುವಂಥದ್ದು. ಅರ್ಜುನನಿಗೆಂದು ಇಟ್ಟುಕೊಂಡಿದ್ದ ಅದನ್ನು ರಾತ್ರಿಯುದ್ಧದಲ್ಲಿ ಘಟೋತ್ಕಚನ ಮೇಲೆ ಬಿಡುವಂತೆ ಮಾಡಿದ್ದು ಕೃಷ್ಣನ ತಂತ್ರ. ಒಂದೇ ಸಲದ ಅಸ್ತ್ರದ ಬೆಲೆ ಅದರ ಪೆಟ್ಟಿನಲ್ಲಷ್ಟೇ ಇರುವುದಿಲ್ಲ, ಯಾರ ಮೇಲೆ ಖರ್ಚಾಯಿತು ಎಂಬುದರಲ್ಲಿರುತ್ತದೆ. ಜೀ-ಮೂವ್ ಕಾಲದ ಒಳ್ಳೆಯ ಆಟಗಳೆಲ್ಲ ಈ ಬಗೆಯವು. ಎದುರಾಳಿಯ ಹರಳನ್ನು ತನ್ನ ಅತಿ ಅಗ್ಗದ ಪೋಕೆಮಾನ್ ಮೇಲೆ ಸುಡಿಸುವವನು ಗೆಲ್ಲುತ್ತಿದ್ದ.

ಘಟೋತ್ಕಚನ ಕತೆಯಲ್ಲಿ ಇನ್ನೊಂದು ಅಂಶವೂ ಇದೆ. ಶಕ್ತ್ಯಾಯುಧ ತಾಗಿ ಸಾಯುವಾಗ ಅವನು ಮೈಯನ್ನು ಬೆಟ್ಟದಷ್ಟು ಹಿಗ್ಗಿಸಿ ಕೌರವ ಸೇನೆಯ ಮೇಲೆ ಬೀಳುತ್ತಾನೆ. ದೊಡ್ಡದಾಗುವುದು ಅವನ ಕೊನೆಯ ಉಸಿರಿನ ಕೆಲಸ. 2019ರ ನವೆಂಬರ್ 15ರಂದು ಬಂದ ಸ್ವೋರ್ಡ್ ಮತ್ತು ಶೀಲ್ಡ್ ಆಟಗಳ ಡೈನಾಮ್ಯಾಕ್ಸ್ ಕೂಡ ಮೈ ಹಿಗ್ಗಿಸುವುದೇ, ಆದರೆ ಅಲ್ಲಿ ಯಾವ ಪ್ರಾಣವೂ ಪಣಕ್ಕಿಲ್ಲ. ಹೆಚ್ಚುಕಡಿಮೆ ಯಾವ ಪೋಕೆಮಾನ್ ಬೇಕಾದರೂ ಮೂರು ಸರದಿ ಕಾಲ ಸ್ಟೇಡಿಯಮ್ಮಿನಷ್ಟು ಎತ್ತರ ಬೆಳೆಯುತ್ತದೆ. ಪ್ರಾಣದ ಅಂಕ ಒಂದೂವರೆಯಿಂದ ಎರಡು ಪಟ್ಟು ಏರುತ್ತದೆ. ಪ್ರತಿ ಹೊಡೆತದ ಜೊತೆಗೂ ಉಚಿತ ಉಡುಗೊರೆ ಬರುತ್ತದೆ: ಗಾಳಿಯ ಹೊಡೆತ ಹೊಡೆದರೆ ತಂಡದ ವೇಗ ಏರುತ್ತದೆ, ಬೆಂಕಿಯದಾದರೆ ಬಿಸಿಲು. ಕೈಯಲ್ಲಿ ಹಿಡಿದ ವಸ್ತುವೂ ಹಾಗೇ ಉಳಿಯುತ್ತದೆ. ಕಳೆದುಕೊಳ್ಳುವುದು ಏನೂ ಇಲ್ಲ. ಎದುರಾಳಿಗೆ ಮೂರು ಸರದಿ ಅಡ್ಡ ಹಿಡಿದು, ಪೋಕೆಮಾನ್ ಬದಲಿಸಿ, ಹೇಗೋ ಕಾಲ ತಳ್ಳುವುದೊಂದೇ ಉತ್ತರ. ಕಾಯುವುದನ್ನೇ ಯುದ್ಧ ಎಂದು ಕರೆಯುವ ಹಾಗಾಯಿತು. ಆಟ ಬಂದು ತಿಂಗಳಾಗುವಷ್ಟರಲ್ಲಿ, ಅದೇ ವರ್ಷ ಡಿಸೆಂಬರಿನಲ್ಲಿ, ಸ್ಮೋಗನ್ ತನ್ನ ಮುಖ್ಯ ಒಂಟಿ ಪಂದ್ಯಗಳಿಂದ ಡೈನಾಮ್ಯಾಕ್ಸನ್ನು ತೆಗೆದುಹಾಕಿತು. ಜೋಡಿ ಪಂದ್ಯಗಳಲ್ಲಿ ಇಬ್ಬರು ಸೇರಿ ಒಂದನ್ನು ತಡೆಯಬಹುದಾದ್ದರಿಂದ ಅದು ಹೇಗೋ ನಡೆಯಿತು. ಆದರೂ ನಾಲ್ಕರಲ್ಲಿ ಅತಿ ಕೆಳಗಿನ ಸ್ಥಾನ ಇದಕ್ಕೇ. ಎಲ್ಲರಿಗೂ ಸಿಗುತ್ತದೆ ಎಂಬ ಒಂದು ಸಮಾನತೆ ಇದಕ್ಕಿದೆ, ಒಪ್ಪುತ್ತೇನೆ. ಆದರೆ ಎಲ್ಲರನ್ನೂ ಒಂದೇ ರೀತಿ ದೊಡ್ಡದು ಮಾಡಿದರೆ ಮೊದಲೇ ದೊಡ್ಡದಾಗಿದ್ದವರಿಗೇ ಹೆಚ್ಚು ಲಾಭ.

2022ರ ನವೆಂಬರಿನ ಸ್ಕಾರ್ಲೆಟ್ ಮತ್ತು ವಯೊಲೆಟ್ ಆಟಗಳ ಟೆರಾಸ್ಟಲ್ ಬಂದಾಗ ನಾನು ಬಹಳ ನಿರೀಕ್ಷೆ ಇಟ್ಟಿರಲಿಲ್ಲ. ಹೊಳೆಯುವ ಹರಳಿನ ಮೈ, ತಲೆಯ ಮೇಲೆ ದೀಪದ ಗೊಂಚಲಿನಂಥ ಕಿರೀಟ. ನೋಡಲು ನಾಲ್ಕರಲ್ಲಿ ಅತ್ಯಂತ ಅಂದಗೇಡಿ. ಆದರೆ ನಿಯಮದ ಸೊಗಸಿನಲ್ಲಿ ಇದರ ಹತ್ತಿರ ಯಾವುದೂ ಬರುವುದಿಲ್ಲ. ಅಂಕಗಳು ಬದಲಾಗುವುದಿಲ್ಲ, ಬದಲಾಗುವುದು ಟೈಪ್. ಪ್ರತಿ ಪೋಕೆಮಾನ್‌ಗೂ ಒಂದು ಟೆರಾ ಟೈಪ್ ಇರುತ್ತದೆ, ಅದು ಹುಟ್ಟಿನ ಟೈಪೇ ಆಗಬೇಕೆಂದಿಲ್ಲ.

ಡ್ರ್ಯಾಗೊನೈಟನ್ನು ತೆಗೆದುಕೊಳ್ಳಿ. ಡ್ರ್ಯಾಗನ್ ಮತ್ತು ಹಾರುವ ಟೈಪಿನ ಅದಕ್ಕೆ ಹಿಮದ ಪೆಟ್ಟು ನಾಲ್ಕು ಪಟ್ಟು ತಾಗುತ್ತದೆ, ನೆಲದ ಪೆಟ್ಟು ತಾಗುವುದೇ ಇಲ್ಲ. ಎದುರಾಳಿ ಹಿಮದ ಹೊಡೆತ ಹೂಡಿದಾಗ ಅದು ನಾರ್ಮಲ್ ಟೈಪಿಗೆ ಬದಲಾದರೆ ನಾಲ್ಕು ಪಟ್ಟಿನ ಪೆಟ್ಟು ಸಾಧಾರಣವಾಗುತ್ತದೆ. ಎಲ್ಲರಿಗಿಂತ ಮೊದಲು ಬೀಳುವ ಅದರ ಎಕ್ಸ್‌ಟ್ರೀಮ್ ಸ್ಪೀಡ್ ಹೊಡೆತಕ್ಕೆ ಟೈಪಿನ ಬಲವೂ ಕೂಡುತ್ತದೆ. ಆದರೆ ಆ ಕ್ಷಣದಿಂದ ಅದು ಹಾರುವ ಜೀವಿಯಾಗಿ ಉಳಿದಿಲ್ಲ. ತಾಗದೇ ಇದ್ದ ನೆಲದ ಪೆಟ್ಟು ಇನ್ನು ತಾಗುತ್ತದೆ. ಕುಸ್ತಿಯವರ ಪೆಟ್ಟು, ಮೊದಲು ಅರ್ಧವಿದ್ದದ್ದು, ಈಗ ದುಪ್ಪಟ್ಟು. ಒಂದು ಬಾಗಿಲು ಮುಚ್ಚಿ ಇನ್ನೆರಡು ತೆರೆದಿಟ್ಟಂತೆ. ತಿರುಗಿ ಹಳೆಯ ಟೈಪಿಗೆ ಬರಲು ಆ ಯುದ್ಧದಲ್ಲಿ ಸಾಧ್ಯವಿಲ್ಲ, ಬೇರೆ ಯಾರಿಗೂ ಟೆರಾ ಉಳಿದಿಲ್ಲ. ಬೀಡ್ರಿಲ್‌ಗೆ ಒಂದು ಸರದಿಯ ಮಟ್ಟಿಗಿದ್ದ ಅಪಾಯ ಇಲ್ಲಿ ಯುದ್ಧ ಮುಗಿಯುವ ತನಕ ಇರುತ್ತದೆ. ಮೂಲೆಗುಂಪಾದವರಿಗೂ ದಾರಿ ಇದೆ. ನೆಲದ ಪೆಟ್ಟು ತಾಗದ ಲೆವಿಟೇಟ್ ಗುಣವಿರುವ ಮಿಸ್‌ಮೇಜಿಯಸ್ ವಿದ್ಯುತ್ ಟೈಪಿಗೆ ಬದಲಾದರೆ ವಿದ್ಯುತ್ತಿನ ಏಕೈಕ ದೌರ್ಬಲ್ಯವೂ ಇಲ್ಲವಾಗುತ್ತದೆ. ಇದನ್ನು ಆಟಗಾರ ತಾನೇ ಕಂಡುಕೊಳ್ಳಬೇಕು, ಕಂಪನಿ ಅದಕ್ಕೆಂದು ಕಲ್ಲು ಕಡೆದಿಟ್ಟಿಲ್ಲ.

ಮುಚ್ಚಿದ ಟೆರಾ ಟೈಪು ಜೂಜಾಗುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ. ಅಧಿಕೃತ ದೊಡ್ಡ ಪಂದ್ಯಗಳಲ್ಲಿ 2023ರ ಹಂಗಾಮಿನಿಂದ ಇಬ್ಬರೂ ತಂಡದ ಚೀಟಿಯನ್ನು ಮೊದಲೇ ಬಿಚ್ಚಿ ತೋರಿಸಬೇಕು, ಟೆರಾ ಟೈಪೂ ಅದರಲ್ಲಿರುತ್ತದೆ. ಯಾವುದು ಎಂಬ ಗುಟ್ಟು ಹೋಗಿ ಯಾವಾಗ ಎಂಬ ಪ್ರಶ್ನೆ ಉಳಿಯಿತು. ನನಗೆ ಇದೇ ಹೆಚ್ಚು ಹಿಡಿಸುತ್ತದೆ. ದೇವಿಗೂ ಮಹಿಷ ಕೋಣನಿಂದ ಹೊರಬರುತ್ತಾನೆಂದು ಗೊತ್ತಿತ್ತು, ಯಾವ ಗಳಿಗೆಯಲ್ಲಿ ಎಂಬುದಷ್ಟೇ ಯುದ್ಧ.

ಪೋಕೆಮಾನ್ ಹೊರಗೆ ಈ ಬೆಲೆಯ ಪ್ರಶ್ನೆಯನ್ನು ಹೆಚ್ಚು ನೇರವಾಗಿ ಎದುರಿಸಿದವರೂ ಇದ್ದಾರೆ. 1997ರಲ್ಲಿ ಕೈಯಲ್ಲಿ ಹಿಡಿದು ಸಾಕುವ ಪುಟ್ಟ ಯಂತ್ರವಾಗಿ ಶುರುವಾದ ಡಿಜಿಮಾನ್‌ನಲ್ಲಿ ತಾತ್ಕಾಲಿಕ ವಿಕಾಸ ಮುಖ್ಯ ಕಲ್ಪನೆಯಾದದ್ದು ಅದರ ಧಾರಾವಾಹಿಯಲ್ಲಿ. ಅಲ್ಲಿ ಜೀವಿಗಳು ಯುದ್ಧ ಮುಗಿದ ಮೇಲೆ ದಣಿದು ಪುಟ್ಟ ರೂಪಕ್ಕೆ ಮರಳುತ್ತವೆ. 2022ರ ಡಿಜಿಮಾನ್ ಸರ್ವೈವ್ ಈ ದಣಿವನ್ನು ನಿಯಮವಾಗಿಸಿತು. ಮೇಲಿನ ರೂಪದಲ್ಲಿ ನಿಂತಷ್ಟು ಹೊತ್ತು ಪ್ರತಿ ಸರದಿಯೂ ಶಕ್ತಿ ಸೋರುತ್ತಿರುತ್ತದೆ. 2023ರ ಬ್ರಿಟಿಷ್ ಆಟ ಕ್ಯಾಸೆಟ್ ಬೀಸ್ಟ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಟೇಪು ಹಾಕಿ ರೂಪ ಬದಲಿಸುವವನು ಆಟಗಾರನೇ. ಆ ರೂಪ ಒಡೆದರೆ ಬರೀ ಮನುಷ್ಯನ ಮೈ ಎದುರಾಳಿಯ ಮುಂದೆ ನಿಲ್ಲುತ್ತದೆ. ಸಾಕಿದ ಪ್ರಾಣಿಯನ್ನು ಮುಂದೆ ಬಿಟ್ಟು ತಾನು ಹಿಂದೆ ನಿಲ್ಲುವ ಪೋಕೆಮಾನ್ ಪರಂಪರೆಗೆ ಇದು ಒಳ್ಳೆಯ ತಿದ್ದುಪಡಿ.

ನಮ್ಮ ಕಡೆಯ ಹುಡುಗರ ಕೈಗೆ ನಿಜವಾಗಿ ಸಿಗುವುದು ಪೋಕೆಮಾನ್ ಗೋ. ಅದರಲ್ಲಿ ರೂಪಾಂತರದ ಬೆಲೆಯನ್ನು ಕಾಲುಗಳು ತೆರುತ್ತವೆ. 2020ರ ಆಗಸ್ಟಿನಲ್ಲಿ ಬಂದ ಮೆಗಾಕ್ಕೆ ಬೇಕಾದ ಶಕ್ತಿಯನ್ನು ಹಲವರು ಸೇರಿ ಆಡುವ ರೇಡ್ ಯುದ್ಧಗಳಲ್ಲಿ ಗಳಿಸಬಹುದು. ಒಮ್ಮೆ ಮೆಗಾ ಆದ ಜೀವಿಯನ್ನು ಜೊತೆಗಾರನಾಗಿ ಇಟ್ಟುಕೊಂಡು ನಡೆದೂ ಗಳಿಸಬಹುದು. ಹೊಲದ ಬದುವಿನ ಮೇಲೆ ನಡೆದ ದೂರಕ್ಕೂ ಪೇಟೆಯ ಪಾರ್ಕಿನಲ್ಲಿ ನಡೆದ ದೂರಕ್ಕೂ ಅಲ್ಲಿ ಒಂದೇ ಲೆಕ್ಕ. ರೇಡ್ ಯುದ್ಧಗಳಿಗೆ ಊರಲ್ಲಿ ಜಿಮ್‌ಗಳು ಕಡಿಮೆ, ಜೊತೆಗಾರರು ಇನ್ನೂ ಕಡಿಮೆ. 2020ರ ಏಪ್ರಿಲಿನಲ್ಲಿ ಬಂದ ದೂರದ ರೇಡ್ ಪಾಸ್ ಆ ಕೊರತೆ ತುಂಬಿತ್ತು. 2023ರ ಏಪ್ರಿಲಿನಲ್ಲಿ ಅದರ ಬೆಲೆ ಏರಿಸಿ ದಿನಕ್ಕೆ ಐದೆಂದು ಮಿತಿ ಹಾಕಿದರು. 2024ರ ಸೆಪ್ಟೆಂಬರಿನಲ್ಲಿ ಡೈನಾಮ್ಯಾಕ್ಸ್, ಅಕ್ಟೋಬರಿನಲ್ಲಿ ಅದರದೇ ಇನ್ನೊಂದು ಬಗೆಯಾದ ಜೈಗಾಂಟಮ್ಯಾಕ್ಸ್ ಬಂದವು. ಜೈಗಾಂಟಮ್ಯಾಕ್ಸ್ ಯುದ್ಧಕ್ಕೆ 10ರಿಂದ 40 ಜನ ಒಂದೇ ಜಾಗದಲ್ಲಿ ಸೇರಬೇಕು ಎಂದು ಇಟ್ಟರು. ಮೊದಲಿಗೆ ದೂರದಿಂದ ಸೇರಲು ದಾರಿಯೇ ಇರಲಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಭಾನುವಾರ 40 ಜನ ಸೇರಿಯಾರು. ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಫೋನಿದ್ದ ಒಬ್ಬ ಹುಡುಗ 40 ಜನರನ್ನು ಎಲ್ಲಿಂದ ತರಬೇಕು? ಆಟದ ಒಳಗೆ ಬೆಲೆಯೇ ಇಲ್ಲದ ರೂಪಾಂತರಕ್ಕೆ ಆಟದ ಹೊರಗೆ ಇಷ್ಟು ಬೆಲೆ ಇಟ್ಟರು, ಅದೂ ಕೊಡಲಾಗದವನ ಮೇಲೆ. ಇದನ್ನು ವಿನ್ಯಾಸದ ದೋಷ ಎಂದಷ್ಟೇ ಕರೆದು ಬಿಡಲು ಮನಸ್ಸು ಬರುವುದಿಲ್ಲ, ಇದು ಅನ್ಯಾಯ.

2025ರ ಅಕ್ಟೋಬರಿನಲ್ಲಿ ಬಂದ ಲೆಜೆಂಡ್ಸ್ ಜೀ-ಎ ಮೆಗಾವನ್ನು ಮತ್ತೆ ಮುಂದಕ್ಕೆ ತಂದಿದೆ. ಅಲ್ಲಿ ಸರದಿಗಳ ಲೆಕ್ಕವಿಲ್ಲ, ಯುದ್ಧ ನಿಲ್ಲದೆ ಸಾಗುತ್ತದೆ. ಹೊಡೆದಾಡಿ ಶಕ್ತಿ ತುಂಬಿಸಿಕೊಂಡ ಮೇಲಷ್ಟೇ ಮೆಗಾ, ಅದು ಖಾಲಿಯಾದರೆ ಹಳೆಯ ರೂಪ. ಬೆಲೆ ಸ್ವಲ್ಪ ಮರಳಿದೆ ಅನ್ನಿಸುತ್ತದೆ. ಫೋನಿನಲ್ಲೂ ಆಡಬಹುದಾದ, ಯುದ್ಧಕ್ಕೆಂದೇ ಮೀಸಲಾದ ಪೋಕೆಮಾನ್ ಚಾಂಪಿಯನ್ಸ್ ಆಟವನ್ನು ಅದೇ ವರ್ಷದ ಫೆಬ್ರುವರಿಯಲ್ಲಿ ಘೋಷಿಸಿದರು. ಸ್ವಿಚ್ ಕಾಣದ ಊರುಗಳಿಗೆ ಅದು ದೊಡ್ಡ ವಿಷಯ.

ನನ್ನ ತೀರ್ಮಾನ ಇಷ್ಟು. ಕುಶಲತೆಯಲ್ಲಿ ಟೆರಾಸ್ಟಲ್ ಮೊದಲು. ರೂಪ ಬದಲಾಗುವ ಗಳಿಗೆಯ ಭಯ, ರೋಮಾಂಚ ಎರಡನ್ನೂ ಕೊಟ್ಟಿದ್ದು 2013 ಮತ್ತು 2014ರ ಹಳೆಯ ಮೆಗಾ; ಅದರ ವೇಗದ ನಿಯಮವನ್ನು ಯಾರಾದರೂ ಮರಳಿ ತರಬೇಕು. ಜೀ-ಮೂವ್‌ಗೆ ಸಿಕ್ಕಿದ್ದಕ್ಕಿಂತ ಹೆಚ್ಚು ಗೌರವ ಸಲ್ಲಬೇಕು. ಡೈನಾಮ್ಯಾಕ್ಸ್ ಮರಳದಿದ್ದರೆ ಒಳ್ಳೆಯದು. ಇನ್ನು ಬೆಂಗಳೂರು, ಮೈಸೂರುಗಳಲ್ಲಿ ಗೇಮ್ ಕಟ್ಟಲು ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಮಾತು. ಮಹಿಷ, ಘಟೋತ್ಕಚರನ್ನು ಬರೀ ಬಣ್ಣದ ಪಾತ್ರಗಳಾಗಿ ನಿಮ್ಮ ಆಟಕ್ಕೆ ತರಬೇಡಿ. ಅವರ ಕತೆಯೊಳಗೆ ಇರುವ ನಿಯಮವನ್ನು ತನ್ನಿ, ಅದನ್ನು ಕನ್ನಡದಲ್ಲಿ ಆಡುವಂತೆ ಮಾಡಿ.